ಸ್ಕ್ರಿವೆನರ್‌ನಲ್ಲಿ ಕಂಪೈಲ್ ಮಾಡಿದರೆ ಕೆಲವು ಚಿತ್ರಗಳು ಪಟ್ಟಿಯಷ್ಟೇ ಕಾಣುತ್ತವೆ, ಕೆಲವು ಬರುವುದೇ ಇಲ್ಲ

ಪ್ರಶ್ನೆ (ಸಾಗರದಿಂದ)

ಎಲ್ಲರಿಗೂ ನಮಸ್ಕಾರ. ಸಾಗರ, ಸೊರಬ ಸೀಮೆಯ ದೀವರ ಮನೆಗಳ ಹಸೆ ಚಿತ್ತಾರದ ಬಗ್ಗೆ ಒಂದು ಪುಸ್ತಕವನ್ನು ವಿಂಡೋಸ್‌ನ ಸ್ಕ್ರಿವೆನರ್ 3 ಎಂಬ ಬರವಣಿಗೆಯ ತಂತ್ರಾಂಶದಲ್ಲಿ ಬರೆದು ಮುಗಿಸಿದ್ದೇನೆ. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಬರೆದ ಚಿತ್ತಾರಗಳ ಫೋಟೊಗಳೂ, ಅವುಗಳನ್ನು ನೋಡಿ ಕಾಗದದ ಮೇಲೆ ಬಿಡಿಸಿ ಸ್ಕ್ಯಾನ್ ಮಾಡಿದ ರೇಖಾಚಿತ್ರಗಳೂ ಪ್ರತಿ ಅಧ್ಯಾಯದಲ್ಲಿವೆ. ಬರೆಯುವ ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತವೆ. ಆದರೆ ಶಿವಮೊಗ್ಗದ ಮುದ್ರಣಾಲಯಕ್ಕೆ ಕೊಡಲು ಕಂಪೈಲ್ ಮಾಡಿದರೆ, ಅಂದರೆ ಬಿಡಿ ಭಾಗಗಳನ್ನೆಲ್ಲ ಸೇರಿಸಿ ಒಂದೇ ವರ್ಡ್ ಕಡತವಾಗಿ ಹೊರತೆಗೆದರೆ, ಹಲವು ಚಿತ್ರಗಳ ಬುಡದ ಅಂಚು ಮಾತ್ರ ಒಂದು ಸಾಲಿನಷ್ಟು ಎತ್ತರದ ಪಟ್ಟಿಯಾಗಿ ಉಳಿಯುತ್ತದೆ, ಮೇಲಿನದೆಲ್ಲ ಮಾಯ. ಇದೇ ಪ್ರಾಜೆಕ್ಟನ್ನು ಮನೆಯ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ಕಂಪೈಲ್ ಮಾಡಿದರೆ ಕೆಲವು ಚಿತ್ರಗಳು ಬರುವುದೇ ಇಲ್ಲ. ಪುಂಡಿನಾರಿನ ಕುಂಚ ಹಿಡಿದು ಇವನ್ನು ಬರೆದ ಹೆಣ್ಣುಮಕ್ಕಳ ಕೈಗೆ ಪುಸ್ತಕ ಹೋದಾಗ ಒಂದು ಎಳೆಯೂ ತಪ್ಪಿರಬಾರದು ಎಂಬುದು ನನ್ನ ಆಸೆ. ತಿಳಿದವರು ದಯವಿಟ್ಟು ದಾರಿ ತೋರಿಸಿ.

ಉತ್ತರ 1 (ತೀರ್ಥಹಳ್ಳಿಯಿಂದ)

ಮೇಡಂ, ನೀವು ಹೇಳಿರುವುದು ಎರಡು ಬೇರೆ ಬೇರೆ ತೊಂದರೆಗಳು. ಒಂದರಲ್ಲಿ ಚಿತ್ರ ಕಡತದೊಳಗೆ ಇದ್ದೂ ಕಾಣುತ್ತಿಲ್ಲ, ಇನ್ನೊಂದರಲ್ಲಿ ಅದು ಕಡತದೊಳಕ್ಕೆ ಬಂದೇ ಇಲ್ಲ. ಯಾವುದು ಯಾವುದೆಂದು ಮೊದಲು ಖಚಿತ ಮಾಡಿಕೊಳ್ಳಿ. ವರ್ಡ್ ಕಡತವೆಂದರೆ ಒಳಗಿನಿಂದ ಒಂದು ಜಿಪ್ ಕಟ್ಟೇ ಆಗಿರುವುದರಿಂದ, ಅದರ ಒಂದು ನಕಲು ಮಾಡಿ, ಹೆಸರಿನ ಕೊನೆಯ ವಿಸ್ತರಣೆಯನ್ನು ಜಿಪ್ ಎಂದು ಬದಲಿಸಿ ತೆರೆದರೆ, 'ವರ್ಡ್' ಫೋಲ್ಡರಿನೊಳಗೆ 'ಮೀಡಿಯಾ' ಎಂಬ ಫೋಲ್ಡರ್ ಸಿಗುತ್ತದೆ. ಒಳಕ್ಕೆ ಬಂದ ಚಿತ್ರಗಳೆಲ್ಲ ಅಲ್ಲಿರುತ್ತವೆ.

ಪಟ್ಟಿಯಾಗಿ ಕಾಣುವ ಚಿತ್ರಗಳು ಅಲ್ಲಿ ಪೂರ್ತಿಯಾಗಿಯೇ ಇರುತ್ತವೆ ಎಂಬ ನಂಬಿಕೆ ನನಗಿದೆ. ಅದಕ್ಕೆ ಕಾರಣ ಸಾಲಿನ ಅಂತರ. ಕನ್ನಡದ ಒತ್ತಕ್ಷರಗಳು ಕೆಳಕ್ಕೆ ಇಳಿಯುವುದರಿಂದ, ನಡುವೆ ಬೇರೆ ಫಾಂಟ್ ಬಂದಾಗ ಸಾಲುಗಳು ಏರುಪೇರಾಗದಿರಲಿ ಎಂದು ನಮ್ಮಲ್ಲಿ ಹೆಚ್ಚಿನವರು ಅಂತರವನ್ನು 'ಎಕ್ಸಾಕ್ಟ್' ಎಂದು ಕಟ್ಟುನಿಟ್ಟಾಗಿ ಇಡುತ್ತಾರೆ. ಪದಗಳ ನಡುವೆ ಕೂತ ಚಿತ್ರವನ್ನು ವರ್ಡ್ ಒಂದು ದೊಡ್ಡ ಅಕ್ಷರದಂತೆಯೇ ಪರಿಗಣಿಸುತ್ತದೆ. ಅಂತರ 18 ಪಾಯಿಂಟ್ ಎಂದಿದ್ದರೆ, ಇಂಚಿಗೆ 72 ಪಾಯಿಂಟ್ ಲೆಕ್ಕದಲ್ಲಿ ಕಾಲು ಇಂಚು ಮಾತ್ರ ಕಾಣುತ್ತದೆ, ಅದಕ್ಕಿಂತ ಮೇಲಿನದು ಅಡಗುತ್ತದೆ. ಪರೀಕ್ಷಿಸುವುದೂ ಸುಲಭ: ವರ್ಡ್‌ನಲ್ಲಿ ಆ ಪಟ್ಟಿಯ ಮೇಲೆ ಕ್ಲಿಕ್ ಮಾಡಿ, ಕಂಟ್ರೋಲ್ ಜೊತೆಗೆ 1 ಒತ್ತಿ. ಚಿತ್ರ ಪೂರ್ತಿ ತೆರೆದುಕೊಂಡರೆ ಕಾರಣ ಇದೇ.

ಆದರೆ ವರ್ಡ್‌ನಲ್ಲಿ ಒಂದೊಂದಾಗಿ ಸರಿಪಡಿಸುತ್ತ ಕೂರಬೇಡಿ, ಮುಂದಿನ ಕಂಪೈಲ್‌ನಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ. ಸ್ಕ್ರಿವೆನರ್‌ನಲ್ಲಿಯೇ 'ಚಿತ್ರ' ಎಂಬ ಹೆಸರಿನ ಪ್ಯಾರಾ ಸ್ಟೈಲ್ ಒಂದನ್ನು ಸಿಂಗಲ್ ಅಂತರದೊಂದಿಗೆ ಮಾಡಿ, ಚಿತ್ರವಿರುವ ಪ್ಯಾರಾಗಳಿಗೆಲ್ಲ ಅದನ್ನು ಹಚ್ಚಿ. ಕಂಪೈಲ್ ಫಾರ್ಮ್ಯಾಟ್ ಸಾಮಾನ್ಯ ಪಠ್ಯದ ಅಂತರವನ್ನು ಬದಲಿಸಿದರೂ ಸ್ಟೈಲ್ ಹಚ್ಚಿದ ಪ್ಯಾರಾಗಳ ರೂಪವನ್ನು ಉಳಿಸಿಕೊಳ್ಳುತ್ತದೆ.

ಎರಡನೆಯದು ಲಿಂಕ್‌ನ ತೊಂದರೆ. 'ಇಮೇಜ್ ಲಿಂಕ್ಡ್ ಟು ಫೈಲ್' ಎಂದು ಸೇರಿಸಿದಾಗ ಪ್ರಾಜೆಕ್ಟಿನೊಳಗೆ ಉಳಿಯುವುದು ಚಿತ್ರದ ವಿಳಾಸ ಮಾತ್ರ. ಇನ್ನೊಂದು ಕಂಪ್ಯೂಟರಿನಲ್ಲಿ ಆ ವಿಳಾಸದಲ್ಲಿ ಏನೂ ಇರುವುದಿಲ್ಲ. ಮೂಲ ಚಿತ್ರಗಳನ್ನು ಬೈಂಡರಿನ (ಸ್ಕ್ರಿವೆನರ್ ಪರದೆಯ ಎಡಬದಿಯ ಪಟ್ಟಿಯ) 'ರಿಸರ್ಚ್' ಫೋಲ್ಡರಿಗೆ ಎಳೆದು ಹಾಕಿ, ಅಲ್ಲಿಂದ 'ಇಮೇಜ್ ಲಿಂಕ್ಡ್ ಟು ಡಾಕ್ಯುಮೆಂಟ್' ಮೂಲಕ ಸೇರಿಸಿದರೆ ಅವು ಪ್ರಾಜೆಕ್ಟಿನ ಜೊತೆಯಲ್ಲಿಯೇ ಸಾಗುತ್ತವೆ.

ಪ್ರಶ್ನೆ ಕೇಳಿದವರಿಂದ

ತುಂಬ ಧನ್ಯವಾದಗಳು. ಕಂಟ್ರೋಲ್ 1 ಒತ್ತಿದ ಕೂಡಲೇ ಚಿತ್ತಾರ ಮೇಲಿನ ಅಂಚಿನವರೆಗೂ ತೆರೆದುಕೊಂಡಿತು. ಸ್ಟೈಲ್ ಹಚ್ಚಿ ಮತ್ತೆ ಕಂಪೈಲ್ ಮಾಡಿದ್ದೇನೆ, ಕಾಣೆಯಾದವೂ ಬಂದಿವೆ. ಈಗ ಉಳಿದಿರುವುದು ಒಂದೇ: ವರ್ಡ್‌ನಲ್ಲಿ ಒಮ್ಮೆ ಉಳಿಸಿದ ಮೇಲೆ ರೇಖಾಚಿತ್ರಗಳ ಗೆರೆಗಳು ಮಸುಕಾಗಿವೆ.

ಉತ್ತರ 2 (ಶಿವಮೊಗ್ಗದಿಂದ, ಪುಟವಿನ್ಯಾಸದ ಕೆಲಸದವನು)

ಅದು ವರ್ಡ್ ಮಾಡಿದ ಕೆಲಸ ಮೇಡಂ. ಉಳಿಸುವಾಗ ಅದು ಚಿತ್ರಗಳನ್ನು ಕುಗ್ಗಿಸುತ್ತದೆ. ಅನೇಕ ಆವೃತ್ತಿಗಳಲ್ಲಿ ಇಂಚಿಗೆ 220 ಪಿಕ್ಸೆಲ್‌ಗೆ ಇಳಿಸುತ್ತದೆ. 'ಆಪ್ಷನ್ಸ್' ಒಳಗಿನ 'ಅಡ್ವಾನ್ಸ್ಡ್' ವಿಭಾಗದಲ್ಲಿ ಚಿತ್ರಗಳನ್ನು ಕುಗ್ಗಿಸಬೇಡ ಎಂಬ ಆಯ್ಕೆಯಿದೆ, ಅದನ್ನು ಗುರುತು ಹಾಕಿ, ಹೊಸದಾಗಿ ಕಂಪೈಲ್ ಮಾಡಿದ ಕಡತದಿಂದಲೇ ಮುಂದುವರಿಯಿರಿ. ಈಗಾಗಲೇ ಕುಗ್ಗಿದ್ದು ಮರಳಿ ಬರುವುದಿಲ್ಲ.

ಡೆಮಿ 1/8 ಅಳತೆಯ ಪುಸ್ತಕದ ಪುಟದಲ್ಲಿ ಅಂಚು ಬಿಟ್ಟು ಚಿತ್ರಕ್ಕೆ ಸಿಗುವ ಅಗಲ ಸುಮಾರು 4.25 ಇಂಚು. ಫೋಟೊಗಳಿಗೆ ಇಂಚಿಗೆ 300ರ ಲೆಕ್ಕದಲ್ಲಿ 1275 ಪಿಕ್ಸೆಲ್ ಅಗಲ ಬೇಕು. ರೇಖಾಚಿತ್ರಕ್ಕೆ ಅದು ಸಾಲದು. ಕನಿಷ್ಠ 600ರಲ್ಲಿ ಸ್ಕ್ಯಾನ್ ಮಾಡಿ ಪಿಎನ್‌ಜಿ ಅಥವಾ ಟಿಫ್ ಆಗಿ ಇಡಿ. ಜೆಪೆಗ್‌ನಲ್ಲಿ ತೆಳುವಾದ ಗೆರೆಯ ಪಕ್ಕದಲ್ಲಿ ಧೂಳಿನಂಥ ಕಲೆ ಕೂರುತ್ತದೆ, ಎಳೆ ಎಳೆಯಾಗಿ ಬರೆದ ಚಿತ್ತಾರದಲ್ಲಿ ಅದು ಎದ್ದು ಕಾಣುತ್ತದೆ.

ಇನ್ನೊಂದು ಮಾತು. ನಾವು ಪುಟ ಕಟ್ಟುವಾಗ ವರ್ಡ್‌ನೊಳಗಿನ ಚಿತ್ರವನ್ನು ಜಾಗದ ಗುರುತಾಗಿ ಮಾತ್ರ ನೋಡುತ್ತೇವೆ, ಅಚ್ಚಿಗೆ ಹೋಗುವುದು ಮೂಲ ಚಿತ್ರವೇ. ಆದ್ದರಿಂದ ಮೂಲಗಳನ್ನು ಅಧ್ಯಾಯ ಮತ್ತು ಚಿತ್ರದ ಸಂಖ್ಯೆಯನ್ನೇ ಹೆಸರಾಗಿಟ್ಟು, ಪ್ರತ್ಯೇಕ ಫೋಲ್ಡರಿನಲ್ಲಿ ಪೆನ್‌ಡ್ರೈವ್‌ಗೆ ಹಾಕಿ ಕೊಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದೂ ಕುಗ್ಗಿಸುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.