‘ಅವಕಾಶವಾದಿ ಸೋಂಕು’: ಕನ್ನಡಕ್ಕೆ ಒಪ್ಪುವ ಪದ ಯಾವುದು?

ಆತ್ಮೀಯರೇ,

ಮೈಯಲ್ಲಿ ಕಾರ್ಟಿಸಾಲ್ ಹಾರ್ಮೋನ್ ಮಿತಿಮೀರುವ ಕುಶಿಂಗ್ ಸಿಂಡ್ರೋಮ್ ಇರುವವರಿಗಾಗಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಶ್ವಾಸಕೋಶದ ಶಿಲೀಂಧ್ರ ಸೋಂಕಿನ ಭಾಗಕ್ಕೆ ಬಂದಾಗ ಲೇಖನಿ ನಿಂತಿತು. ಮೈಯ ಕಾವಲು ಕುಂದಿದಾಗ ಬರುವ ಇಂತಹ ಸೋಂಕಿಗೆ (opportunistic infection) ಎಚ್‌ಐವಿ ಕುರಿತ ಬರಹಗಳಲ್ಲಿ ‘ಅವಕಾಶವಾದಿ ಸೋಂಕು’ ಎಂಬ ಪ್ರಯೋಗವಿದೆ. ಆದರೆ ಅವಕಾಶವಾದಿ ಎಂದೊಡನೆ ನೆನಪಾಗುವುದು ಪಕ್ಷ ಬದಲಿಸುವ ರಾಜಕಾರಣಿ. ‘ಸಮಯಸಾಧಕ’ವೂ ಮನುಷ್ಯರಿಗೇ ಮೀಸಲಾದ ಬೈಗುಳ.

ಹೇಳಬೇಕಾದ ಸಂಗತಿ ಇದು. ಆಸ್ಪರ್ಜಿಲಸ್ ಶಿಲೀಂಧ್ರದ ಬೀಜಕಗಳು ಗಾಳಿಯಲ್ಲಿ ಎಲ್ಲೆಡೆ ಇವೆ. ದಿನವೂ ಉಸಿರಿನೊಂದಿಗೆ ಒಳಗೆ ಹೋಗುತ್ತವೆ, ಕಾವಲು ಕೋಶಗಳು ನುಂಗಿಹಾಕುತ್ತವೆ. ಕುಶಿಂಗ್‌ನಲ್ಲಿ ಕಾರ್ಟಿಸಾಲ್ ಹಾರ್ಮೋನ್ ಮಿತಿಮೀರಿ ಆ ಕೋಶಗಳು ಮಂಕಾಗುತ್ತವೆ. ಅದೇ ಕಾರ್ಟಿಸಾಲ್ ಜ್ವರವನ್ನೂ ಉರಿಯೂತವನ್ನೂ ಅಡಗಿಸುವುದರಿಂದ ಸೋಂಕು ಬಲಿತರೂ ಸುಳಿವು ಸಿಗದಿರಬಹುದು. ನ್ಯುಮೊಸಿಸ್ಟಿಸ್ ಎಂಬ ಶಿಲೀಂಧ್ರದ ವಿಷಯದಲ್ಲಂತೂ, ಚಿಕಿತ್ಸೆಯಿಂದ ಕಾರ್ಟಿಸಾಲ್ ಇಳಿದ ಮೇಲೆಯೇ ಏದುಸಿರು ಹಠಾತ್ತನೆ ಕಾಣಿಸಿಕೊಳ್ಳುವುದುಂಟು. ಅಡಗಿಕೊಂಡಿದ್ದ ಉರಿಯೂತ ಆಗ ಮರಳಿ ಏಳುತ್ತದೆ. ಅದಕ್ಕಾಗಿಯೇ ಕಾರ್ಟಿಸಾಲ್ ತೀರಾ ಹೆಚ್ಚಿರುವವರಿಗೆ ವೈದ್ಯರು ಕೋ-ಟ್ರೈಮಾಕ್ಸಜೋಲ್ ಮಾತ್ರೆಯನ್ನು ಮುಂಜಾಗ್ರತೆಯಾಗಿ ಕೊಡುವುದುಂಟು.

ಇದನ್ನೆಲ್ಲ ನೋಡಿ ನನಗೆ ತೋಚಿದ ಪದ ‘ಹೊಂಚುಸೋಂಕು’. ಕೇಳಿದೊಡನೆ ಅರ್ಥವಾಗುತ್ತದೆ, ಸಮಾಸವೂ ಗಟ್ಟಿಯಾಗಿದೆ. ಆದರೂ ಒಂದು ಅಳುಕು: ತಪ್ಪೆಲ್ಲ ಶಿಲೀಂಧ್ರದ್ದೇ ಎಂದು ಅದು ಬೆರಳು ತೋರಿಸುತ್ತದೆ, ಮೈಯ ಕಾವಲು ಕುಂದಿದ್ದನ್ನು ಹೇಳುವುದೇ ಇಲ್ಲ. ರೋಗಿಗೆ ತಿಳಿಯಬೇಕಾದದ್ದು ಅದೇ. ‘ಕಾವಲು ಕುಂದಿದಾಗ ಬರುವ ಸೋಂಕು’ ಎಂದರೆ ಯಾರಿಗಾದರೂ ತಿಳಿಯುತ್ತದೆ, ಆದರೆ ಮತ್ತೆ ಮತ್ತೆ ಬರೆಯಲು ಉದ್ದ.

ಹೆಸರಿನ ವಿಷಯದಲ್ಲಿ ಇಷ್ಟು ತಲೆಕೆಡಿಸಿಕೊಳ್ಳಲು 2021ರ ‘ಕಪ್ಪು ಶಿಲೀಂಧ್ರ’ ಕಾರಣ. ಕೊರೊನಾ ಜೊತೆಗೆ ಹತೋಟಿ ತಪ್ಪಿದ ಮಧುಮೇಹ ಇದ್ದವರನ್ನು, ಸ್ಟೆರಾಯ್ಡ್ ಪಡೆದವರನ್ನು ಮ್ಯೂಕರ್ ವರ್ಗದ ಶಿಲೀಂಧ್ರ ಕಾಡಿತು. ಆ ಶಿಲೀಂಧ್ರ ಕಪ್ಪಲ್ಲ. ಅದು ರಕ್ತನಾಳಗಳೊಳಗೆ ನುಗ್ಗಿ ರಕ್ತದ ಹರಿವನ್ನು ಕಟ್ಟುವುದರಿಂದ ಸತ್ತು ಕಪ್ಪಾಗುವುದು ನಮ್ಮ ಅಂಗಾಂಶ. ಹೆಸರು ಹುಟ್ಟಿಸಿದ ಗೊಂದಲದಲ್ಲಿ ಈರುಳ್ಳಿ ಸಿಪ್ಪೆಯ ಮೇಲಿನ ಕಪ್ಪು ಪುಡಿಯಿಂದಲೇ ರೋಗ ಬರುತ್ತದೆಂಬ ವದಂತಿ ಹಬ್ಬಿತು. ಆ ಪುಡಿ ಬೇರೆಯದೇ ಶಿಲೀಂಧ್ರ. ಹಾಗಾಗಿ ಹೊತ್ತಗೆಯಲ್ಲಿ ‘ಮ್ಯೂಕರ್ ಸೋಂಕು’ ಎಂದೇ ಬರೆದಿದ್ದೇನೆ.

‘ಹೊಂಚುಸೋಂಕು’ ಈಗಾಗಲೇ ಎಲ್ಲಾದರೂ ಬಳಕೆಯಲ್ಲಿದೆಯೇ? ಕನ್ನಡದಲ್ಲಿ ರೋಗಿಗಳೊಂದಿಗೆ ಮಾತನಾಡುವ ವೈದ್ಯರು, ದಾದಿಯರು ಇಲ್ಲಿದ್ದರೆ, ಇಂತಹ ಸೋಂಕನ್ನು ನೀವು ಬಾಯಿಮಾತಿನಲ್ಲಿ ಹೇಗೆ ವಿವರಿಸುತ್ತೀರಿ ಎಂದು ದಯವಿಟ್ಟು ತಿಳಿಸಿ.