ಇನ್ಸುಲಿನ್ ಗಿಡದ ಎಲೆ ತಿಂದರೆ ಅಮ್ಮನ ಮಾತ್ರೆ ಬಿಡಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ. ಅಮ್ಮನಿಗೆ 61, ಶುಗರ್ ಬಂದು ಒಂಬತ್ತು ವರ್ಷ. ಮೆಟ್‌ಫಾರ್ಮಿನ್ ಎರಡು ಹೊತ್ತು, ಬೆಳಗ್ಗೆ ಜೊತೆಗೆ ಗ್ಲಿಮಿಪಿರೈಡ್. ಮೂರು ವಾರದಿಂದ ಎದ್ದ ಕೂಡಲೇ ಮೆಂತ್ಯ ನೆನೆಸಿದ ನೀರು, ಒಂದು ಲೋಟ ಹಾಗಲಕಾಯಿ ರಸ, ಮೇಲೆ ಪಕ್ಕದ ಮನೆಯವರ ಕುಂಡದ ಇನ್ಸುಲಿನ್ ಗಿಡದ ಎರಡು ಎಲೆ. ಇಷ್ಟಾದ ಮೇಲೆ ಹಸಿವಿಲ್ಲ ಅಂತ ತಿಂಡಿ ಹತ್ತೂವರೆಗೆ. ಮೊನ್ನೆ ಗಾಂಧಿಬಜಾರಲ್ಲಿ ಸೊಪ್ಪು ಆರಿಸ್ತಾ ಇದ್ದವರು ಕೈ ನಡುಗಿ, ಬೆವತು, ಸೊಪ್ಪಿನ ಗೋಣಿ ಮೇಲೇ ಕೂತುಬಿಟ್ಟರು. ‘ಗಿಡ ಕೆಲಸ ಮಾಡ್ತಿದೆ, ಮಾತ್ರೆ ಬಿಡ್ತೀನಿ’ ಅಂತಾರೆ. ಏನು ಹೇಳಲಿ?

ಉತ್ತರ (ಡಯಟೀಷಿಯನ್): ಅದು ಶುಗರ್ ಇಳಿದ ಲಕ್ಷಣ. ಗ್ಲಿಮಿಪಿರೈಡ್ ನೀವು ತಿಂದಿದ್ದೀರೋ ಇಲ್ಲವೋ ನೋಡಲ್ಲ, ದೇಹದಿಂದ ಇನ್ಸುಲಿನ್ (ರಕ್ತದ ಸಕ್ಕರೆ ಇಳಿಸೋ ಹಾರ್ಮೋನ್) ಹೊರಡಿಸುತ್ತೆ. ಆ ಹೊತ್ತಿಗೆ ತಿಂಡಿ ಇಲ್ಲ, ಮೇಲಿಂದ ಹಾಗಲ ರಸ ಬೇರೆ. ಇನ್ನೊಮ್ಮೆ ಹಾಗಾದರೆ ಮೀಟರಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಆಮೇಲೆ ಊಟ. ಮೀಟರ್ ಕೈಗೆ ಸಿಗದಿದ್ದರೆ ಕಾಯಬೇಡಿ, ಸಕ್ಕರೆ ಕೊಡಿ. ನಾಳೆಯೇ ಡಾಕ್ಟರಿಗೆ ಎಲ್ಲ ಹೇಳಿ, ಎಲೆಯ ವಿಷಯವೂ ಸೇರಿಸಿ. ಮಾತ್ರೆ ಕಡಿಮೆ ಮಾಡೋದು, ಬಿಡೋದು ಅವರ ಕೆಲಸ.

ಹೆಸರು ಇನ್ಸುಲಿನ್ ಗಿಡ ಅಷ್ಟೇ. ನಿಜವಾದ ಇನ್ಸುಲಿನ್ ನುಂಗಿದರೂ ಹೊಟ್ಟೆಯಲ್ಲಿ ಜೀರ್ಣವಾಗಿಹೋಗುತ್ತೆ, ಅದಕ್ಕೇ ಸೂಜಿ. ಹಾಗಲಕಾಯಿ ಪಲ್ಯ ಮಾಡಿ, ಖಾಲಿ ಹೊಟ್ಟೆಗೆ ರಸ ಬೇಡ. ಮೆಂತ್ಯ ನನಗೆ ಇಷ್ಟ, ಆದರೆ ನೀರು ಕುಡಿದು ಕಾಳು ಚೆಲ್ಲುವವರೇ ಹೆಚ್ಚು! ಊಟದ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡೋ ಲೋಳೆ ನಾರು ಇರೋದು ಕಾಳಲ್ಲಿ. ದೋಸೆ ಹಿಟ್ಟಿಗೆ ರುಬ್ಬಿ ಹಾಕಿ, ದೋಸೆ ಮಾತ್ರ ಎಣಿಸಿ.

ಇನ್ನೊಬ್ಬರು: ಗಿಡಮೂಲಿಕೆಗೆ ಸೈಡ್ ಎಫೆಕ್ಟ್ ಇಲ್ವಲ್ಲ ಮೇಡಂ? ನಾನು ದಿನಾ ಚಕ್ಕೆ ಪುಡಿ ಒಂದು ಚಮಚ ಬಿಸಿನೀರಿಗೆ ಹಾಕಿ ಕುಡೀತೀನಿ.

ಉತ್ತರ: ಮೇಲೆ ಹೇಳಿದ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೂ ಗಲೀಗಾ ಅನ್ನೋ ಯುರೋಪಿನ ಗಿಡವೇ. ಆ ಗಿಡದ ಅಂಶ ವಿಷವಾಗಿತ್ತು, ಅದಕ್ಕೆ ಹತ್ತಿರದ ರಾಸಾಯನಿಕಗಳನ್ನು ಹುಡುಕಿ, ಕಡೆಗೆ 1957ರಲ್ಲಿ ಫ್ರಾನ್ಸಿನ ವೈದ್ಯ ಝಾನ್ ಸ್ಟೆರ್ನ್ ಮೆಟ್‌ಫಾರ್ಮಿನ್ ಫಲಿತಾಂಶ ಪ್ರಕಟಿಸಿದರು. ಇನ್ನು ಚಕ್ಕೆ. ಅಂಗಡೀಲಿ ಸಿಗೋದು ಬಹುಪಾಲು ಕ್ಯಾಸಿಯಾ: ದಪ್ಪ, ಗಟ್ಟಿ, ಒಂದೇ ಸುರುಳಿ. ಅದರಲ್ಲಿ ಕೂಮರಿನ್ ಅನ್ನೋ ರಾಸಾಯನಿಕ ಜಾಸ್ತಿ, ದಿನಾ ಚಮಚಗಟ್ಟಲೆ ಹೋದರೆ ಲಿವರಿಗೆ ಕಷ್ಟ. ಕಾಗದದಂತೆ ತೆಳು ಪದರ ಪದರವಾಗಿ ಸುತ್ತಿದ್ದರೆ ಸಿಲೋನ್ ಚಕ್ಕೆ, ಅದರಲ್ಲಿ ಕೂಮರಿನ್ ತೀರಾ ಕಡಿಮೆ. ಬಿಸಿಬೇಳೆಬಾತಿನಲ್ಲಿ ಯಾವುದಾದರೂ ನಡೆಯುತ್ತೆ, ಔಷಧಿ ಅಂತ ಕುಡಿಯೋದನ್ನ ನಿಲ್ಲಿಸಿ.

ಕರಿಬೇವು, ಕೊತ್ತಂಬರಿ, ದೊಡ್ಡಪತ್ರೆ ತಂಬುಳಿ ಧಾರಾಳವಾಗಿ ಮಾಡಿ. ಇವುಗಳಿಂದ ನನಗೆ ಕಾಣೋ ದೊಡ್ಡ ಲಾಭ ಬೇರೆ: ರುಚಿ ಹತ್ತಿ ಉಪ್ಪು ಕಡಿಮೆ ಸಾಕಾಗುತ್ತೆ.

ಪ್ರಶ್ನೆ ಕೇಳಿದವರು: ಮೇಡಂ, ಇವತ್ತು ಹತ್ತಕ್ಕೆ ಚುಚ್ಚಿ ನೋಡಿದೆ, 64. ಸಕ್ಕರೆ ನೀರು ಕೊಟ್ಟ ಮೇಲೆ 92. ಇಡ್ಲಿ ತಿಂದರು. ಸಂಜೆ ಡಾಕ್ಟರ್ ಅಪಾಯಿಂಟ್‌ಮೆಂಟ್ ಇದೆ. ಅಮ್ಮ ಗಿಡದ ಕುಂಡಾನೂ ತಗೊಂಡು ಬರ್ತೀನಿ ಅಂತಿದ್ದಾರೆ.

ಉತ್ತರ: ಕುಂಡ ಬೇಡ, ಒಂದು ಎಲೆ ಸಾಕು. ಮೀಟರ್ ಮರೀಬೇಡಿ.