ಬಿಸಿಲಲ್ಲಿ ನಮ್ಮ ಬೌಲರ್ ಕುಸಿದು ಬಿದ್ದ, ನಾವು ಮಾಡಿದ್ದು ಸರಿನಾ ಡಾಕ್ಟರ್?

ಪ್ರಶ್ನೆ (ಕ್ಲಬ್ ಕ್ಯಾಪ್ಟನ್, ಕಲಬುರಗಿ):
ಮೇಡಂ ನಮಸ್ಕಾರ. ಹೋದ ಭಾನುವಾರ ನಮ್ಮ ಕ್ಲಬ್‌ದು 30 ಓವರ್ ಮ್ಯಾಚ್ ಇತ್ತು. ಶುರುವಾಗಿದ್ದು ಹತ್ತೂವರೆಗೆ, ನಾವು ಫೀಲ್ಡಿಂಗ್‌ಗೆ ಇಳಿದಾಗ ಒಂದು ಗಂಟೆ ದಾಟಿತ್ತು. ಮೇ ತಿಂಗಳ ಕಲಬುರಗಿ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಊರಾಚೆ ಗ್ರೌಂಡು, ನೆರಳು ಅಂದ್ರೆ ಒಂದೇ ಒಂದು ಬೇವಿನ ಮರ. ನಮ್ಮ ಫಾಸ್ಟ್ ಬೌಲರ್‌ಗೆ 26 ವರ್ಷ, ಬೆಂಗಳೂರಲ್ಲಿ ಕೆಲಸ, ಮ್ಯಾಚಿಗೆ ಅಂತಲೇ ಶನಿವಾರ ರಾತ್ರಿ ಬಸ್ ಹತ್ತಿ ಬಂದಿದ್ದ. ಮೊದಲ ಸ್ಪೆಲ್ ಚೆನ್ನಾಗಿಯೇ ಹಾಕಿದ. ಎರಡನೇ ಸ್ಪೆಲ್‌ಗೆ ಕರೆದಾಗ "ಎಷ್ಟನೇ ಓವರ್ ಇದು" ಅಂತ ಮೂರು ಸಲ ಕೇಳಿದ. ನೀರಿನ ಬಾಟಲಿ ಕೊಟ್ಟರೆ ಮುಚ್ಚಳ ಬಿಚ್ಚೋ ಬದಲು ಇನ್ನೂ ಬಿಗಿ ಮಾಡುತ್ತಾ ನಿಂತಿದ್ದ. ಸುಸ್ತಾಗಿರಬೇಕು ಅಂದುಕೊಂಡೆ. ಎರಡು ಬಾಲ್ ಹಾಕಿ ಕುಸಿದು ಬಿದ್ದ. ತಕ್ಷಣ ಕಾರಲ್ಲಿ ಮಲಗಿಸಿ, ಎಸಿ ಹಾಕಿ, ಆಸ್ಪತ್ರೆಗೆ ಓಡಿದೆವು. ತಲುಪೋಕೆ 35 ನಿಮಿಷ ಆಯ್ತು. ಮೂರು ದಿನ ಅಡ್ಮಿಟ್ ಆಗಿದ್ದ, ಈಗ ಮನೆಗೆ ಬಂದಿದ್ದಾನೆ. ಅವರ ಅಮ್ಮನ ಮುಖ ನೋಡೋಕೆ ಆಗುತ್ತಿಲ್ಲ ನನಗೆ. ಎಲ್ಲಿ ತಪ್ಪಿದೆವು ಹೇಳಿ.

ಡಾಕ್ಟರ್:
ಹುಡುಗ ಮನೆಗೆ ಬಂದ ಅಂತ ಓದಿ ಜೀವ ಬಂತು. ಎರಡು ವಿಷಯ ಹೇಳಿ. ಬಿದ್ದಾಗ ಬೆವರುತ್ತಿದ್ದನಾ? ಅದಕ್ಕೂ ಮುಂಚೆ ಆ ವಾರ ಜ್ವರ, ಭೇದಿ ಏನಾದರೂ ಇತ್ತಾ?

ಕ್ಯಾಪ್ಟನ್:
ಬೆವರು ಹರಿಯುತ್ತಲೇ ಇತ್ತು ಮೇಡಂ, ಅದಕ್ಕೇ ಇದು ಬಿಸಿಲಿನ ಹೊಡೆತ ಅಲ್ಲ ಅಂದುಕೊಂಡೆವು. ಗುರುವಾರ ಜ್ವರ ಇತ್ತಂತೆ, ಮಾತ್ರೆ ನುಂಗಿಕೊಂಡು ಬಂದಿದ್ದಾನೆ. ನಮಗೆ ಆಮೇಲೆ ಗೊತ್ತಾಗಿದ್ದು.

ಡಾಕ್ಟರ್:
ಬೆವರು ನಿಂತು ಮೈ ಒಣಗಿದ್ದರೆ ಮಾತ್ರ ಬಿಸಿಲಿನ ಹೊಡೆತ ಅನ್ನೋ ನಂಬಿಕೆ ತುಂಬಾ ಜನರಿಗಿದೆ. ಅದು ಸುಮ್ನೆ ಮನೆಯಲ್ಲಿ ಕೂತ ವಯಸ್ಸಾದವರಲ್ಲಿ ಜಾಸ್ತಿ ಕಾಣೋದು. ಓಡಾಡಿ ಆಡೋ ಹುಡುಗರಲ್ಲಿ ಬೆವರು ಸುರಿಯುತ್ತಿರುವಾಗಲೇ ದೇಹದ ಒಳಗಿನ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಬಹುದು. ನೀವು ನೋಡಬೇಕಾದ್ದು ಚರ್ಮವಲ್ಲ, ತಲೆ. ಕೇಳಿದ್ದೇ ಕೇಳೋದು, ಮುಚ್ಚಳ ಯಾವ ಕಡೆ ತಿರುಗಿಸಬೇಕು ಅಂತ ತಿಳಿಯದಿರೋದು, ಸುಮ್ಮಸುಮ್ಮನೆ ಸಿಟ್ಟಾಗೋದು, ತೂರಾಡೋದು, ಇವು ಸುಸ್ತಿನ ಲಕ್ಷಣಗಳಲ್ಲ. ಬಿಸಿ ಮೆದುಳಿಗೆ ಮುಟ್ಟಿದೆ ಅಂತ ಅರ್ಥ. ಬಾಟಲಿ ಜೊತೆ ಒದ್ದಾಡಿದನಲ್ಲ, ಅಲ್ಲೇ ಅವನನ್ನು ಹೊರಗೆ ಕರೆದುಕೊಂಡು ಹೋಗಬೇಕಿತ್ತು.

ಇನ್ನೊಂದು ತಪ್ಪು ಕಾರು. ನೇರವಾಗಿ ಹೇಳುತ್ತಿದ್ದೀನಿ, ಬೇಜಾರಾಗಬೇಡಿ. ಮೊದಲು ತಂಪು ಮಾಡಬೇಕು, ಆಮೇಲೆ ಸಾಗಿಸಬೇಕು. ಮೈ ಅಷ್ಟು ಕಾದಿರುವಾಗ ಮೊದಲ ಅರ್ಧ ಗಂಟೆಯಲ್ಲಿ ಇಳಿಸಿದರೆ ಲಿವರ್, ಕಿಡ್ನಿ ಉಳಿಯುತ್ತವೆ. ಕಾರಿನ ಎಸಿಗೆ ಅಷ್ಟು ಬೇಗ ಇಳಿಸೋ ಶಕ್ತಿ ಇಲ್ಲ. ನಿಮ್ಮ ಆ ಅರ್ಧ ಗಂಟೆ ರಸ್ತೆಯಲ್ಲಿ ಹೋಯ್ತು.

ಪಿಚ್ ಮುಚ್ಚೋ ತಾಡಪಾಲು ಇರುತ್ತಲ್ವಾ? ಅದನ್ನು ಬೇವಿನ ಮರದ ಕೆಳಗೆ ಹಾಸಿ, ಪ್ಯಾಡು, ಶೂ, ಟೀಶರ್ಟ್ ಎಲ್ಲ ತೆಗೆದು ಅವನನ್ನು ನಡುವೆ ಮಲಗಿಸಿ. ಆರು ಜನ ಅಂಚು ಎತ್ತಿ ಹಿಡಿದರೆ ತೊಟ್ಟಿಯ ಥರ ಆಗುತ್ತೆ. ಅದರೊಳಗೆ ಕ್ಯಾನ್ ನೀರು, ಐಸ್ ಬಾಕ್ಸಿನ ಐಸ್ ಎಲ್ಲ ಸುರಿದು ಮೈ ಮೇಲೆ ಆಡಿಸುತ್ತಿರಿ. ಒಬ್ಬರು ತಲೆ ಮೇಲಕ್ಕೆ ಹಿಡಿದಿರಲಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ತಾಡಪಾಲು ಇಲ್ಲದಿದ್ದರೆ ಐಸ್ ನೀರಲ್ಲಿ ಅದ್ದಿದ ಟವೆಲ್‌ಗಳನ್ನು ಮೈತುಂಬ ಹೊದಿಸಿ, ಅವು ಬೆಚ್ಚಗಾಗುತ್ತಿದ್ದಂತೆ ಬದಲಾಯಿಸಿ, ಜೊತೆಗೆ ಗಾಳಿ ಬೀಸಿ. ಪ್ರಜ್ಞೆ ಸರಿ ಇಲ್ಲದಿರುವಾಗ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋದೀತು. ಜ್ವರದ ಮಾತ್ರೆ ಬೇಡವೇ ಬೇಡ. ಇದು ಜ್ವರ ಅಲ್ಲ, ಪ್ಯಾರಾಸಿಟಮಾಲ್‌ಗೆ ಇಳಿಯಲ್ಲ.

ಅವನೇ ಯಾಕೆ ಬಿದ್ದ ಅಂದರೆ, ಬೆಂಗಳೂರಿನ ಎಸಿ ಆಫೀಸಿಂದ ಬಂದ ದೇಹ ಕಲಬುರಗಿ ಬಿಸಿಲಿಗೆ ಹೊಂದಿಕೊಳ್ಳೋಕೆ ಒಂದರಿಂದ ಎರಡು ವಾರ ಬೇಕು. ಮೇಲೆ ಬಸ್ಸಲ್ಲಿ ನಿದ್ದೆಗೆಟ್ಟಿದ್ದಾನೆ, ಜ್ವರ ಬಿಟ್ಟು ಮೂರು ದಿನ ಆಗಿಲ್ಲ. ಇಂಥವನಿಗೆ ಆ ದಿನ ಬಾಲ್ ಕೊಡಲೇಬಾರದು. ಟಾಸ್‌ಗೆ ಮುಂಚೆ ಪ್ರತಿಯೊಬ್ಬರನ್ನೂ "ಈ ವಾರ ಜ್ವರ, ಭೇದಿ ಏನಾದರೂ ಇತ್ತಾ" ಅಂತ ಕೇಳಿ.

ಇನ್ನೊಬ್ಬ ಸದಸ್ಯರು:
ಮೇಡಂ, 1986ರಲ್ಲಿ ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಡೀನ್ ಜೋನ್ಸ್ ಮದ್ರಾಸ್ ಬಿಸಿಲಲ್ಲಿ ವಾಂತಿ ಮಾಡಿಕೊಂಡೇ 210 ರನ್ ಹೊಡೆದರಲ್ಲ. ಸ್ವಲ್ಪ ತಡ್ಕೊಂಡು ಆಡಿದರೆ ಅಭ್ಯಾಸ ಆಗಲ್ವಾ?

ಡಾಕ್ಟರ್:
ಆ ಇನಿಂಗ್ಸ್ ಮುಗಿದ ಮೇಲೆ ಅವರನ್ನು ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿದ್ದರು ಸರ್. ಅಭ್ಯಾಸ ಆಗೋದು ನಿಜ, ಆದರೆ ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಜಾಸ್ತಿ ಮಾಡಿಕೊಂಡು ಹೋದರೆ. ತಲೆ ಸುತ್ತುವಾಗ ತಡ್ಕೊಂಡರೆ ಅಲ್ಲ.

ಮಂಗಳೂರಿನ ಸದಸ್ಯರು:
ನಮ್ಮಲ್ಲಿ ಕಲಬುರಗಿಯಷ್ಟು ಬಿಸಿಲು ಇರಲ್ಲ. ನಾವೂ ಹೆದರಬೇಕಾ? ಎಳನೀರು ಧಾರಾಳವಾಗಿ ಕುಡಿಯುತ್ತೇವೆ.

ಡಾಕ್ಟರ್:
ಖಂಡಿತ ಹುಷಾರಾಗಿರಬೇಕು. ಮೈ ತಂಪಾಗೋದು ಬೆವರು ಆರಿದಾಗ. ನಿಮ್ಮ ಕಡಲ ತೇವಕ್ಕೆ ಅದು ಆರಲ್ಲ, ಸುಮ್ನೆ ಇಳಿದು ಹೋಗುತ್ತೆ. ಕಲಬುರಗಿಯಲ್ಲಿ ಉಲ್ಟಾ, ಬಂದ ತಕ್ಷಣ ಆರಿಬಿಡುತ್ತೆ, ಎಷ್ಟು ನೀರು ಹೋಯ್ತು ಅಂತಲೇ ತಿಳಿಯಲ್ಲ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಬೆವರಲ್ಲಿ ಹೋಗೋ ಸೋಡಿಯಂ ಕಡಿಮೆ. ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ ಇರಲಿ. ಇಲ್ಲವೇ ಒಂದು ಲೀಟರ್ ಕುಡಿಯೋ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟ ಮಾಡಿದ ಚಮಚ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ಅದೇ ಬೇರೆ ಅಪಾಯ.

ಕ್ಯಾಪ್ಟನ್:
ಮುಂದಿನ ಮ್ಯಾಚ್ ಬೆಳಗ್ಗೆ ಆರೂವರೆಗೆ ಇಟ್ಟಿದ್ದೇವೆ ಮೇಡಂ, 20 ಓವರ್ ಅಷ್ಟೇ, ಹತ್ತರೊಳಗೆ ಮುಗಿಸುತ್ತೇವೆ. ಎರಡು ಐಸ್ ಬಾಕ್ಸ್ ಹೇಳಿದ್ದೇನೆ. ಅವನು ಯಾವಾಗ ಆಡಬಹುದು? ದಿನಾ ಫೋನ್ ಮಾಡಿ ಕೇಳುತ್ತಿದ್ದಾನೆ.

ಡಾಕ್ಟರ್:
ಕಮ್ಮಿ ಅಂದರೂ ಒಂದು ವಾರ ವ್ಯಾಯಾಮ ಕೂಡ ಬೇಡ. ಆಮೇಲೆ ಕಿಡ್ನಿ, ಲಿವರ್ ರಕ್ತಪರೀಕ್ಷೆ ಮತ್ತೆ ಮಾಡಿಸಿ, ನೋಡಿದ ಡಾಕ್ಟರ್ ಒಪ್ಪಿದರೆ ಸಂಜೆ ಹೊತ್ತು ಹಗುರ ಓಟದಿಂದ ಶುರು ಮಾಡಲಿ. ಬೌಲಿಂಗ್ ಅದಾದ ಮೇಲೆ. ಈ ಭಾನುವಾರ ಮರದ ಕೆಳಗೆ ಕೂತು ಸ್ಕೋರ್ ಬರೆಯಲಿ, ಅವನಿಗೂ ಟೀಮ್ ಜೊತೆ ಇದ್ದಂತಾಗುತ್ತೆ. ಅವರ ಅಮ್ಮನನ್ನು ನೀವೇ ಹೋಗಿ ಮಾತಾಡಿಸಿ ಬನ್ನಿ.